ಹೆಬಳೆ ಗುಡ್ಡದ ಹೆಸರಿಲ್ಲದ ಗಿಡ

ಹೋದ ತಿಂಗಳು ಗಾಳಿಗೆ ನಮ್ಮ ಶಾಲೆಯ ಸ್ಟಾಫ್‌ರೂಮಿನ ಹಂಚು ಸರಿದು, ಒಂಬತ್ತನೇ ತರಗತಿಯ ಉತ್ತರಪತ್ರಿಕೆಗಳ ಕಟ್ಟೆಲ್ಲ ನೆನೆದುಹೋಯಿತು. ಕುಮಟೆಯ ಜುಲೈ ಮಳೆಯಲ್ಲಿ ಒದ್ದೆ ಕಾಗದ ತಾನಾಗಿ ಒಣಗುವುದು ಕನಸಿನ ಮಾತು. ಆಯಾ ಗೌರಿ ಮನೆಯಿಂದ ಇಸ್ತ್ರಿಪೆಟ್ಟಿಗೆ ತಂದು, ಬೆಂಚಿನ ಮೇಲೆ ಹಳೇ ಸೀರೆ ಹಾಸಿ, ಒಂದೊಂದೇ ಹಾಳೆಯನ್ನು ಒತ್ತತೊಡಗಿದಳು. ಒದ್ದೆ ಕಾಗದ ಬಿಸಿಯಾದಾಗ ಒಂದು ವಾಸನೆ ಬರುತ್ತದೆ. ಹಸಿ ಬೂಸಲು, ಶಾಯಿ, ಸ್ವಲ್ಪ ಸುಟ್ಟ ವಾಸನೆ, ಎಲ್ಲ ಸೇರಿದ್ದು. ಅದು ಮೂಗಿಗೆ ಬಡಿದದ್ದೇ ನಾನು ಎದ್ದು ಹೊರಗೆ ಬಂದು ಜಗಲಿಯ ಕಂಬ ಹಿಡಿದು ನಿಂತೆ.

"ಎಂತ ಆತು ಮೇಡಂ?" ಗೌರಿ ಒಳಗಿನಿಂದ ಕೇಳಿದಳು.

"ಎಂತದೂ ಇಲ್ಲ, ಸೆಕೆ" ಅಂದೆ. ಹೊರಗೆ ಮಳೆ ಹೊಯ್ಯುತ್ತಿತ್ತು.

ಐದು ವರ್ಷದ ಹಿಂದೆ ಒಂದು ಮಳೆಗಾಲ ಪೂರ್ತಿ ನಾನು ಈ ವಾಸನೆಯಲ್ಲೇ ಬದುಕಿದ್ದೆ. ಕಿತ್ತು ತಂದ ಗಿಡಗಳನ್ನು ಪೇಪರಿನ ನಡುವೆ ಒತ್ತಿಟ್ಟು ಒಣಗಿಸಬೇಕು. ಮಳೆಗಾಲದಲ್ಲಿ ಆ ಪೇಪರು ಅರ್ಧ ದಿನದಲ್ಲಿ ನೀರು ಕುಡಿದು ಮೆತ್ತಗಾಗುತ್ತದೆ. ಬದಲಿಸದಿದ್ದರೆ ಗಿಡ ಕಪ್ಪಾಗಿ ಕೊಳೆಯುತ್ತದೆ. ಹೀಗಾಗಿ ಬೆಳಿಗ್ಗೆ ಕಾಲೇಜಿಗೆ ಹೋಗುವ ಮೊದಲು ಒಂದು ಸಲ, ಬಂದ ಮೇಲೆ ಒಂದು ಸಲ, ಪೇಪರಿಗೆ ಇಸ್ತ್ರಿ ಹಾಕುತ್ತಿದ್ದೆ. ಆಗ ನಾನು ಹೊನ್ನಾವರದ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ಮನೆ ಮುರ್ಡೇಶ್ವರ. ಅಪ್ಪ ತೀರಿಕೊಂಡಿದ್ದರು. ಅಮ್ಮ ಮೀನು ಮಾರುತ್ತಿದ್ದಳು, ಈಗಲೂ ಮಾರುತ್ತಾಳೆ. ನಮ್ಮ ಕೇರಿಯಲ್ಲಿ ಎಂ.ಎಸ್ಸಿ. ಮಾಡಿದವಳು ನಾನೊಬ್ಬಳೇ. ಆ ಹೆಮ್ಮೆಯೂ ನನಗೆ ಸ್ವಲ್ಪ ಜಾಸ್ತಿಯೇ ಇತ್ತು.

ಆ ವರ್ಷದ ಕಥೆ ಶುರುವಾದದ್ದು ಮಳೆಯಲ್ಲಿ ಅಲ್ಲ, ಮಾರ್ಚ್ ತಿಂಗಳ ಬಿಸಿಲಿನಲ್ಲಿ. ನನಗೆ ಕಲಿಸಿದ ಮೇಷ್ಟ್ರು, ನಿವೃತ್ತರಾಗಿ ಕುಮಟೆಯಲ್ಲಿದ್ದ ಹೆಗಡೆ ಸರ್, ಫೋನು ಮಾಡಿದರು. ಭಟ್ಕಳದ ಪಕ್ಕದ ಹೆಬಳೆಯ ಆಚೆಗಿರುವ ಬೋಳುಗುಡ್ಡವನ್ನು ಯಾವುದೋ ಹೊರಗಿನ ಕಂಪನಿ ತೆಗೆದುಕೊಂಡಿದೆ, ಗುಡ್ಡದ ನೆತ್ತಿ ಸಮ ಮಾಡಿ ಗೋದಾಮು ಕಟ್ಟುತ್ತಾರೆ, ಅದಕ್ಕೆ ಮೊದಲು ಅಲ್ಲಿನ ಗಿಡಗಳ ಪಟ್ಟಿ ಬೇಕಂತೆ, ನಾಲ್ಕು ದಿನದಲ್ಲಿ.

"ನನಗೆ ಹತ್ತಲಿಕ್ಕೆ ಆಗುವುದಿಲ್ಲ ಶೈಲಾ. ನೀನು ನೋಡಿ ಬರೆ. ನಾನು ಮೇಲೆ ಸಹಿ ಹಾಕುತ್ತೇನೆ" ಅಂದರು. ಅವರ ಕಣ್ಣು ಮಂಜಾಗತೊಡಗಿ ಎರಡು ವರ್ಷವಾಗಿತ್ತು. ಅದನ್ನು ಅವರು ಯಾರಿಗೂ ಹೇಳುತ್ತಿರಲಿಲ್ಲ. ಗೊತ್ತಿದ್ದರೂ ಗೊತ್ತಿಲ್ಲದ ಹಾಗೆ ನಾನೂ ನಡೆದುಕೊಳ್ಳುತ್ತಿದ್ದೆ.

ಮಾರ್ಚಿನಲ್ಲಿ ಆ ಗುಡ್ಡದ ಮೇಲೆ ಏನಿರುತ್ತದೆ? ಕಾದ ಚಿರೆಕಲ್ಲು, ಅಲ್ಲೊಂದು ಇಲ್ಲೊಂದು ಕುಂಟಲ ಪೊದೆ, ಸುಟ್ಟ ಹುಲ್ಲು. ಚಪ್ಪಲಿಯ ಅಡಿಯಿಂದಲೇ ಬಿಸಿ ಹತ್ತುತ್ತಿತ್ತು. ಪಡುವಣ ಮೂಲೆಯಲ್ಲಿ ನಾಲ್ಕಾರು ಮಾರು ಅಗಲದ ಒಂದು ಕುಳಿ, ಮಳೆಗಾಲದಲ್ಲಿ ನೀರು ನಿಲ್ಲುವಂಥದ್ದು. ಆಗ ಒಣಗಿ ಬಿರಿದಿತ್ತು. ಬಿರುಕಿನ ನಡುವೆ ಗೇಣುದ್ದದ ಒಣ ಕಡ್ಡಿಗಳು ನಿಂತಿದ್ದವು. ಒಂದನ್ನು ಕಿತ್ತು ಬೆರಳಿನ ನಡುವೆ ತಿರುಗಿಸಿದೆ. ಕಾಂಡಕ್ಕೆ ನಾಲ್ಕು ಮೂಲೆ. ಅಂದರೆ ತುಳಸಿ, ತುಂಬೆ, ಪುದೀನ, ದೊಡ್ಡಪತ್ರೆಗಳೆಲ್ಲ ಸೇರುವ ಕುಟುಂಬದ್ದು. ಎಲೆ ಉದುರಿಹೋಗಿತ್ತು, ಹೂವಿನ ತೆನೆ ಪುಡಿಯಾಗಿತ್ತು. ನಮ್ಮ ಕರಾವಳಿಯ ಗುಡ್ಡಗಳಲ್ಲಿ ಇಂಥ ಕುಳಿಯಲ್ಲಿ ಬೆಳೆಯುವ ಪಚ್ಚೆತೆನೆ ಜಾತಿಯ ಗಿಡವೊಂದಿದೆ, ಎಲ್ಲ ಕಡೆ ಸಿಗುತ್ತದೆ. ಅದೇ ಇರಬೇಕು ಅಂದುಕೊಂಡೆ. ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ಭಟ್ಕಳದಿಂದ ಮೂರು ಗಂಟೆಯ ಬಸ್ಸು ತಪ್ಪಿದರೆ ಮತ್ತೆ ಕಾಯಬೇಕಿತ್ತು. ಪಟ್ಟಿಯಲ್ಲಿ ಆ ಸಾಮಾನ್ಯ ಗಿಡದ ಹೆಸರು ಬರೆದೆ. ಕೊನೆಯ ಪುಟದಲ್ಲಿ "ವಿಶೇಷವಾಗಿ ಕಾಪಾಡಬೇಕಾದ ಸಸ್ಯಗಳು ಕಂಡುಬಂದಿಲ್ಲ" ಎಂದು ಬರೆದು ಸಹಿ ಹಾಕಿದೆ. ಹೆಗಡೆ ಸರ್ ಮೇಲೆ ಸಹಿ ಹಾಕಿದರು.

ಆಗಸ್ಟಿನಲ್ಲಿ ಒಂದು ಭಾನುವಾರ ನಾನು ಮತ್ತೆ ಅಲ್ಲಿಗೆ ಹೋದದ್ದು ಕಂಪನಿಯ ಕೆಲಸಕ್ಕಲ್ಲ. ವಿದ್ಯಾರ್ಥಿಗಳಿಗೆ ತೋರಿಸಲು ಹುಳ ತಿನ್ನುವ ಪುಟ್ಟ ನೀಲಿ ಹೂಗಳು ಬೇಕಿದ್ದವು. ಮಳೆಗಾಲದಲ್ಲಿ ಚಿರೆಕಲ್ಲಿನ ಗುಡ್ಡದ ಮೇಲೆ ಅವು ಹಾಸಿಗೆಯ ಹಾಗೆ ಅರಳುತ್ತವೆ. ಮಾರ್ಚಿನಲ್ಲಿ ನಾನು ಕಂಡ ಗುಡ್ಡ ಇದೇನಾ ಅನ್ನಿಸಿತು. ಪಡುವಣ ಮೂಲೆಯ ಕುಳಿಯಲ್ಲಿ ಮೊಣಕಾಲಿಗಿಂತ ಕೆಳಗೆ ನೀರು. ಅಲ್ಲಿ ಎಮ್ಮೆ ಮೇಯಿಸುತ್ತಿದ್ದ ಹೆಂಗಸೊಬ್ಬಳು ಕಂಬಳಿಕೊಪ್ಪೆ ಹೊದ್ದು ಕಲ್ಲಿನ ಮೇಲೆ ಕೂತಿದ್ದಳು. ಕುಳಿಯ ಅಂಚಿನಲ್ಲಿ, ನೀರಿನಿಂದ ತುಸುವೇ ಮೇಲೆ, ನೇರಳೆ ಬಣ್ಣದ ತೆನೆಗಳು ನೆಟ್ಟಗೆ ನಿಂತಿದ್ದವು.

ನನ್ನ ಕಡ್ಡಿಗಳು. ಜೀವ ಬಂದಿತ್ತು.

ಒಂದನ್ನು ಕಿತ್ತು ಕೊಡೆಯ ಕೆಳಗೆ ಕೂತು ಲೆನ್ಸ್ ಹಿಡಿದೆ. ಈ ಗುಂಪಿನ ಗಿಡಗಳಿಗೆಲ್ಲ ಹೂವಿನಿಂದ ನಾಲ್ಕು ಕೇಸರಗಳು ಹೊರಗೆ ಚಾಚಿರುತ್ತವೆ. ಒಂದೊಂದು ಕೇಸರದ ನಡುವಿನಲ್ಲೂ ಮಣಿ ಪೋಣಿಸಿದಂಥ ಸಣ್ಣ ಕೂದಲು. ಈ ಗುಂಪಿಗೆ ಶಾಸ್ತ್ರದವರು ಇಟ್ಟ ಪೊಗೊಸ್ಟೆಮಾನ್ ಎಂಬ ಹೆಸರಿಗೆ ಗಡ್ಡವಿರುವ ಕೇಸರ ಅಂತಲೇ ಅರ್ಥ. ಇದರಲ್ಲಿ ಗಡ್ಡ ನಡುವಿನಲ್ಲಿರಲಿಲ್ಲ, ಬುಡದಲ್ಲಿತ್ತು. ಹೂವು ಉದುರಿದ ಮೇಲೆ ಉಳಿಯುವ ಹಸಿರು ಬಟ್ಟಲಿನ ಹಲ್ಲುಗಳು ಒಳಕ್ಕೆ ಮಡಚಿ ಬಾಯಿ ಮುಚ್ಚಿಕೊಂಡಿದ್ದವು. ಇನ್ನೊಂದು ಕಿತ್ತೆ. ಅದರಲ್ಲೂ ಹಾಗೇ. ಮೂರನೆಯದರಲ್ಲೂ. ನಾನು ಮಾರ್ಚಿನಲ್ಲಿ ಬರೆದ ಗಿಡ ಅಲ್ಲ ಇದು. ನನಗೆ ಗೊತ್ತಿದ್ದ ಯಾವ ಗಿಡವೂ ಅಲ್ಲ.

"ಎಂತ ಕಾಣ್ತ್ರಿ ಅಕ್ಕೋರೆ ಅದ್ರಲ್ಲಿ?" ಆ ಹೆಂಗಸು ಹತ್ತಿರ ಬಂದಳು. ನಮ್ಮ ಕಡೆ ಟೀಚರುಗಳನ್ನು ಅಕ್ಕೋರು ಅನ್ನುವುದು ರೂಢಿ. ನನ್ನ ಲೆನ್ಸು ನೋಡಿಯೇ ಅವಳು ಹಾಗೆ ತೀರ್ಮಾನಿಸಿರಬೇಕು. ಹೆಸರು ಮಾಸ್ತಮ್ಮ ಅಂತ ಆಮೇಲೆ ತಿಳಿಯಿತು.

"ಇದಕ್ಕೆ ಎಂತ ಹೇಳ್ತ್ರಿ ನೀವು?" ಅಂತ ಕೇಳಿದೆ.

"ಅದ್ಕೆ ಎಂತ ಹೆಸ್ರು? ಎಮ್ಮೆ ಅದ್ನ ಮೂಸುದೂ ಇಲ್ಲ."

"ಬೇರೆ ಎಲ್ಲಾದ್ರೂ ನೋಡಿದ್ದೀರಾ?"

ಅವಳು ಸ್ವಲ್ಪ ಯೋಚಿಸಿದಳು. "ಇಲ್ಲಪ್ಪ. ಈ ಕುಳಿಯಲ್ಲೇ. ನಾ ಮದಿ ಆಗಿ ಬಂದಾಗಿಂದ ಇಲ್ಲೇ ಕಂಡದ್ದು."

ಆ ದಿನ ಬಸ್ಸಿನಲ್ಲಿ ನಾನು ಹೇಗೆ ಕೂತಿದ್ದೆ ಅನ್ನುವುದು ನೆನಪಿಲ್ಲ. ಯಾರೂ ಹೆಸರಿಡದ ಒಂದು ಗಿಡವನ್ನು ಕಾಣುವುದು ಸಸ್ಯಶಾಸ್ತ್ರ ಓದಿದ ಯಾರಿಗಾದರೂ ಜನ್ಮದಲ್ಲಿ ಒಮ್ಮೆ ಸಿಗಬಹುದಾದ ಭಾಗ್ಯ. ನಾನು ಅದನ್ನು ಕಾಣುವ ಐದು ತಿಂಗಳ ಮೊದಲೇ ಅದರ ಸಾವಿಗೆ ಸಹಿ ಹಾಕಿಬಿಟ್ಟಿದ್ದೆ.

ಮನೆಯಲ್ಲಿ ಅಮ್ಮನಿಗೆ ಹೇಳಿದೆ. ಅವಳು ಬುಟ್ಟಿ ತೊಳೆಯುತ್ತಿದ್ದಳು. ಪೂರ್ತಿ ಕೇಳಿಸಿಕೊಂಡು, ತಲೆಯೆತ್ತದೆ ಅಂದಳು: "ಮುಚ್ಚಿದ ಬುಟ್ಟಿ ತೆಗ್ದು ನೋಡ್ದೆ ಬಂಗಡೆ ಅಂದ್ಯಾ? ನಾ ಹಾಂಗೆ ಮಾಡಿದ್ರೆ ನಂಗೆ ಗಿರಾಕಿ ಎಂತ ಹೇಳುದಿತ್ತು?"

ಮರುದಿನವೇ ಕುಮಟೆಗೆ ಹೋದೆ. ಹೆಗಡೆ ಸರ್ ಮನೆಯ ವರಾಂಡದಲ್ಲಿ ಕೂತಿದ್ದರು. ಗಿಡವನ್ನು ಅವರ ಕೈಗೆ ಕೊಟ್ಟೆ. ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. ಇನ್ನು ಅದರಿಂದ ಉಪಯೋಗವಿಲ್ಲ ಎಂದು ನನ್ನೆದುರು ಒಪ್ಪಿಕೊಂಡದ್ದು ಅದೇ ಮೊದಲು. ಕಾಂಡವನ್ನು ಬೆರಳಿನಿಂದ ಮೂಲೆ ಮೂಲೆ ಸವರಿದರು. ಗಣ್ಣಿನ ಸುತ್ತ ಎಲೆ ಎಷ್ಟಿವೆ ಎಂದು ಉಗುರಿನಿಂದ ಎಣಿಸಿದರು. ಒಂದು ಎಲೆ ತಿಕ್ಕಿ ಮೂಸಿದರು.

"ಪರಿಮಳ ಇಲ್ಲ. ಹೇಳು, ಕೇಸರ ಹೇಗಿದೆ?"

ನಾನು ಕಂಡದ್ದನ್ನೆಲ್ಲ ಹೇಳಿದೆ. ಅವರು ಒಂದೊಂದಕ್ಕೂ ಮರುಪ್ರಶ್ನೆ ಹಾಕಿದರು. ಈ ಗುಂಪಿನ ಗಿಡಗಳನ್ನು ಮೊದಲಿನವರು ಡೈಸೊಫಿಲಾ ಅನ್ನುತ್ತಿದ್ದರು, ಆಮೇಲೆ ಯೂಸ್ಟೆರಾಲಿಸ್ ಅಂದರು, ಈಗ ಎಲ್ಲವನ್ನೂ ಪೊಗೊಸ್ಟೆಮಾನ್ ಒಳಗೆ ಸೇರಿಸಿದ್ದಾರೆ ಎಂದು ಕ್ಲಾಸಿನಲ್ಲಿ ಹೇಳಿದ ಹಾಗೆಯೇ ಹೇಳಿದರು. ಎಷ್ಟು ಸಲ ಮನೆ ಬದಲಿಸಿದರೂ ಆ ಗುಂಪಿನ ಯಾವ ಗಿಡಕ್ಕೂ ಬುಡದಲ್ಲಿ ಗಡ್ಡವಿಲ್ಲ. ಅದು ಅವರಿಗೆ ಬಾಯಿಪಾಠ ಗೊತ್ತಿತ್ತು. ಅವರ ಮುಖ ಬೆಳಗುತ್ತಾ ಬಂತು. ಆಮೇಲೆ ಕೇಳಿದರು: "ಎಲ್ಲಿ ಸಿಕ್ಕಿತು?"

"ಹೆಬಳೆ ಗುಡ್ಡದಲ್ಲಿ ಸರ್."

ಹಂಚಿನಿಂದ ನೀರು ಸುರಿಯುತ್ತಿತ್ತು. ತೀರಾ ಬೇಸರವಾದಾಗ ಮಾತ್ರ ಅವರು ಮನೆಮಾತಿಗೆ ಇಳಿಯುತ್ತಿದ್ದರು.

"ನೀನಾದ್ರೂ ಗುಡ್ಡ ಹತ್ತಿದ್ದೆ. ಯಂಗೆ ಕಾಗದವೂ ಕಾಣ್ತಿಲ್ಲೆ. ಎಲ್ಲಿ ಸಹಿ ಹಾಕವು ಹೇಳಿ ಕೇಳಿ ಹಾಕಿದ್ದು" ಅಂದರು. ಆ ಮೇಲೆ ಗಿಡವನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ವಾಪಸು ಕೊಟ್ಟರು.

ಸರ್ ಹೇಳಿದಂತೆ ಕೇರಳದಲ್ಲಿದ್ದ ಒಬ್ಬ ಪ್ರೊಫೆಸರರಿಗೆ ಫೋಟೊ ಕಳಿಸಿದೆ. ಈ ಕುಟುಂಬದ ಗಿಡಗಳ ಮೇಲೆಯೇ ಆಯುಷ್ಯ ಕಳೆದವರು ಅವರು. ಎರಡು ದಿನದಲ್ಲಿ ಫೋನು ಬಂತು. ಹೊಸದಿರಬಹುದು, ಆದರೆ ಹೂವು ನೋಡಿ ಮಾತ್ರ ಹೇಳಲಾರೆ, ಬಲಿತ ಕಾಯಿ ಬೇಕು ಅಂದರು. ಈ ಕುಟುಂಬದಲ್ಲಿ ಒಂದು ಹೂವಿಗೆ ನಾಲ್ಕೇ ಕಾಯಿ, ಸಾಸಿವೆಗಿಂತ ಸಣ್ಣವು, ಒಂದೊಂದರೊಳಗೆ ಒಂದೇ ಬೀಜ. ಅವುಗಳ ಮೈ ನುಣುಪೋ ಒರಟೋ, ಬಣ್ಣ ಯಾವುದು, ಇದೆಲ್ಲ ನೋಡದೆ ಜಾತಿ ಇಂಥದ್ದೇ ಎನ್ನುವ ಹಾಗಿಲ್ಲ. ಕಾಯಿ ಬಲಿಯುವುದು ಅಕ್ಟೋಬರ್ ಕೊನೆಗೆ, ಇಲ್ಲವೇ ನವೆಂಬರಿನಲ್ಲಿ.

ಚೌತಿ ಮುಗಿದು ಮಳೆ ಸ್ವಲ್ಪ ಬಿಟ್ಟ ಕೂಡಲೆ ಗುಡ್ಡದಲ್ಲಿ ಕೆಲಸ ಶುರು ಎಂದು ಮಾಸ್ತಮ್ಮ ಹೇಳಿದ್ದಳು.

ನಮ್ಮ ಪಟ್ಟಿಯನ್ನು ನೋಡಿ ಒಪ್ಪಿದ್ದ ಸರ್ಕಾರಿ ಕಚೇರಿಗೆ ಹೋದೆ. ನನ್ನ ವರದಿಯಲ್ಲಿ ತಪ್ಪಾಗಿದೆ, ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದು ಅರ್ಜಿ ಬರೆದುಕೊಂಡು ಹೋಗಿದ್ದೆ. ಅಲ್ಲಿದ್ದ ಅಧಿಕಾರಿ ಕೆಟ್ಟವರೇನಲ್ಲ. ಕುರ್ಚಿ ಕೊಟ್ಟು, ಅರ್ಜಿ ಎರಡು ಸಲ ಓದಿದರು.

"ಮೇಡಂ, ಇಲ್ಲಿ ಗಿಡದ ಹೆಸರು ಖಾಲಿ ಬಿಟ್ಟಿದ್ದೀರಿ."

"ಹೆಸರು ಇನ್ನೂ ಇಲ್ಲ ಸರ್. ಅದಕ್ಕೇ..."

"ಹೆಸರಿಲ್ಲದ ಗಿಡಕ್ಕೋಸ್ಕರ ಕೆಲಸ ನಿಲ್ಲಿಸಿ ಅಂತ ನಾನು ಮೇಲಿನವರಿಗೆ ಹೇಗೆ ಬರೆಯಲಿ? ನಿಮ್ಮದೇ ಸಹಿ ಇರುವ ವರದಿಯಲ್ಲಿ ಹೆಸರಿದೆ. ಅದು ತಪ್ಪು ಅಂತೀರಿ. ಸರಿಯಾದದ್ದು ಬರೆದುಕೊಡಿ, ನಾಳೆಯೇ ಕಳಿಸುತ್ತೇನೆ."

"ಎರಡು ತಿಂಗಳು ಬೇಕು."

ಅವರು ಅರ್ಜಿಯನ್ನು ಮಡಚಿ ಫೈಲಿಗೆ ಸೇರಿಸಿದರು. "ಇಟ್ಟಿರುತ್ತೇನೆ" ಅಂದರು.

ಹೆಸರು ಬೇಕಾದರೆ ಕಾಯಿ ಬೇಕು, ಕಾಯಿ ಬೇಕಾದರೆ ಗುಡ್ಡ ಉಳಿಯಬೇಕು, ಗುಡ್ಡ ಉಳಿಯಬೇಕಾದರೆ ಹೆಸರು ಬೇಕು. ಸೆಪ್ಟೆಂಬರ್ ಪೂರ್ತಿ ಇದರೊಳಗೇ ಸುತ್ತಿದೆ. ಪತ್ರಿಕೆಯೊಂದಕ್ಕೆ ಬರೆದೆ. ಬರಲಿಲ್ಲ. ಕಾಲೇಜಿನ ಪ್ರಾಂಶುಪಾಲರು ಕರೆದು, ಅತಿಥಿ ಉಪನ್ಯಾಸಕರ ಹೊಸ ಪಟ್ಟಿ ಮಾಡುವ ಹೊತ್ತು ಇದು, ಊರವರ ಜೊತೆ ಜಗಳ ತರಬೇಡ ಎಂದು ಮೆತ್ತಗೆ ಹೇಳಿದರು. ಗೋದಾಮು ಬಂದರೆ ನಾಲ್ಕು ಜನಕ್ಕೆ ಕೆಲಸ ಸಿಗುತ್ತದೆ ಎಂಬ ಊರವರ ಮಾತೂ ಸುಳ್ಳಲ್ಲ. ಮಾಸ್ತಮ್ಮನ ಸೊಸೆಗೆ ಆ ಗೋದಾಮು ಕಟ್ಟುವ ಕೆಲಸಗಾರರ ಅಡುಗೆಮನೆಯಲ್ಲಿ ಕೆಲಸ ಕೊಡುತ್ತೇವೆಂದು ಹೇಳಿದ್ದರು. ಗಂಡ ತೀರಿಕೊಂಡ ಹುಡುಗಿ ಅವಳು, ಎರಡು ಮಕ್ಕಳು. ಇದು ತಿಳಿದ ಮೇಲೆ ನಾನು ಮಾಸ್ತಮ್ಮನ ಎದುರು ಗಿಡದ ಮಾತೆತ್ತಲು ಅಂಜಿದೆ. ಅವಳೇ ಎತ್ತಿದಳು.

"ಇಡೀ ಗುಡ್ಡ ನಿಲ್ಸಿ ಅಂದ್ರೆ ನಾ ಒಪ್ಪುದಿಲ್ಲ ಅಕ್ಕೋರೆ. ಆ ಕುಳಿ ಒಂದು ಬಿಡಿ ಅಂದ್ರೆ, ನಾನೂ ಬಂದು ಹೇಳ್ತೆ."

ಇಬ್ಬರೂ ಸೇರಿ ಕಂಪನಿಯ ಸೂಪರ್‌ವೈಸರನನ್ನು ಕಂಡೆವು. ಎಲ್ಲಿಯವನೋ, ನಮ್ಮ ಕನ್ನಡ ಅವನಿಗೆ ಅರ್ಧ ತಿಳಿಯುತ್ತಿತ್ತು. ಮಾಸ್ತಮ್ಮ ಕೈಸನ್ನೆ ಮಾಡಿ, ನಾನು ಹಿಂದಿಯಲ್ಲಿ ತಡವರಿಸಿ, ಅಂತೂ ತಿಳಿಸಿದೆವು. ಅವನು ಗುಡ್ಡದ ನಕ್ಷೆ ಬಿಚ್ಚಿ ನೋಡಿ, ಆ ಮೂಲೆಯ ಕಲ್ಲು ಕೀಳುವುದು ಹೇಗೂ ಕೊನೆಗೆ, ನವೆಂಬರ್ ತನಕ ಮುಟ್ಟುವುದಿಲ್ಲ ಅಂದ. ನಾವು ಕುಳಿಯ ಸುತ್ತ ಕಲ್ಲು ಜೋಡಿಸಿದೆವು. ಮಾಸ್ತಮ್ಮ ತನ್ನ ಹಳೇ ಕೆಂಪು ರವಿಕೆ ಹರಿದು ನಾಲ್ಕು ಕೋಲಿಗೆ ಕಟ್ಟಿ ನೆಟ್ಟಳು. ಆ ದಿನ ಇಬ್ಬರೂ ನಗುತ್ತಾ ಗುಡ್ಡ ಇಳಿದೆವು. ಆ ಮಳೆಗಾಲದಲ್ಲಿ ನಾನು ನಕ್ಕದ್ದು ಅದೊಂದೇ ದಿನ.

ಅಕ್ಟೋಬರಿನ ಎರಡನೇ ವಾರ. ಕಾಲೇಜಿನಲ್ಲಿ ಕಿರುಪರೀಕ್ಷೆ ನಡೆಯುತ್ತಿತ್ತು. ನಾನು ಕೋಣೆಯ ಮೇಲ್ವಿಚಾರಣೆಯಲ್ಲಿದ್ದೆ. ಫೋನು ಮೂರು ಸಲ ನಡುಗಿತು. ನಾಲ್ಕನೇ ಸಲ ಬಾಗಿಲಿಗೆ ಬಂದು ಎತ್ತಿದೆ.

"ಮಿಶನ್ ಬಂತು ಅಕ್ಕೋರೆ. ಆ ಹಿಂದಿ ಮನ್ಸ ಇಲ್ಲ, ಬೇರೆ ಯಾರೋ ಬಂದಿದ್ರು. ನನ್ ಮಾತು ಕೇಳುದಿಲ್ಲ. ಬೇಗ ಬನ್ನಿ."

ಪಕ್ಕದ ಕೋಣೆಯ ಉಪನ್ಯಾಸಕರಿಗೆ ಒಂದು ಮಾತು ಹೇಳಿ ಹೊರಟುಬಿಟ್ಟೆ. ಅದಕ್ಕೆ ಆಮೇಲೆ ನೋಟಿಸು ಬಂತು, ಆ ವರ್ಷದ ಕೊನೆಗೆ ಕೆಲಸವೂ ಹೋಯಿತು. ಹೊನ್ನಾವರದಿಂದ ಭಟ್ಕಳಕ್ಕೆ ಬಸ್ಸು. ಹೆದ್ದಾರಿ ಅಗೆದ ಕಡೆಯೆಲ್ಲ ನಿಂತು ನಿಂತು ಹೋಯಿತು. ಮುರ್ಡೇಶ್ವರದ ಹತ್ತಿರ ಇಳಿದು ಓಡಲಾ ಅನ್ನುವಷ್ಟು ನಿಧಾನ. ಭಟ್ಕಳದಲ್ಲಿ ರಿಕ್ಷಾ ಹಿಡಿದೆ. ಗುಡ್ಡದ ಬುಡದಿಂದ ಏದುಸಿರು ಬಿಡುತ್ತಾ ಹತ್ತಿದೆ.

ಅವರು ಕುಳಿಯನ್ನು ಅಗೆದಿರಲಿಲ್ಲ. ಮೂಡಣ ಕಡೆಯಿಂದಲೇ ಶುರು ಮಾಡಿದ್ದರು, ಹಳೆಯ ಸೂಪರ್‌ವೈಸರ್ ಹೇಳಿದ ಹಾಗೆಯೇ. ಆದರೆ ಅಲ್ಲಿ ಕೆರೆದು ತೆಗೆದ ಮಣ್ಣನ್ನು ಎಲ್ಲಾದರೂ ಹಾಕಬೇಕಲ್ಲ? ಕೊನೆಯ ತನಕ ಮುಟ್ಟದ ಮೂಲೆ ಅದೊಂದೇ ಇತ್ತು. ತಗ್ಗೂ ಇತ್ತು. ಕುಳಿ ತುಂಬ ಕೆಂಪು ಮಣ್ಣಿನ ಗುಪ್ಪೆ. ಗುಪ್ಪೆಯ ಒಂದು ಬದಿಯಲ್ಲಿ ರವಿಕೆಯ ಚೂರು ಇನ್ನೂ ಅರ್ಧ ಕಾಣುತ್ತಿತ್ತು. ಮಾಸ್ತಮ್ಮ ಗುಪ್ಪೆಯ ಮೇಲೆ ಕೂತಿದ್ದಳು. ಇನ್ನೊಂದು ಲೋಡು ಸುರಿಯದ ಹಾಗೆ ಅಡ್ಡ ಕೂತಿದ್ದಳು.

"ನಾ ಹೇಳ್ದೆ, ನಾ ಹೇಳ್ದೆ" ಅನ್ನುತ್ತಿದ್ದಳು.

ಹೊಸ ಸೂಪರ್‌ವೈಸರ್ ನನ್ನ ಮಾತು ಕೇಳಿದ. ಅವನಿಗೆ ಯಾರೂ ಏನೂ ಹೇಳಿರಲಿಲ್ಲ. "ಅರ್ಧ ಗಂಟೆ ತಗೊಳ್ಳಿ" ಅಂದು ಗಾಡಿಗಳನ್ನು ನಿಲ್ಲಿಸಿದ. ಅಷ್ಟಾದರೂ ಮಾಡಿದ.

ಅರ್ಧ ಗಂಟೆ. ನಾವಿಬ್ಬರೂ ಕೈಯಲ್ಲೇ ಬಗೆದೆವು. ಮಾಸ್ತಮ್ಮನ ಹತ್ತಿರ ಹುಲ್ಲು ಕೊಯ್ಯುವ ಕತ್ತಿ ಇತ್ತು, ನನ್ನ ಹತ್ತಿರ ಸ್ಟೀಲಿನ ಟಿಫಿನ್ ಮುಚ್ಚಳ. ಒದ್ದೆ ಮಣ್ಣು ಬಗೆದಷ್ಟೂ ಮೇಲಿನಿಂದ ಜಾರುತ್ತಿತ್ತು. ಉಗುರಿನ ಸಂದಿಯಲ್ಲಿ ಕಲ್ಲು ಹೊಕ್ಕು ರಕ್ತ ಬಂದದ್ದು ಆಗ ಗೊತ್ತಾಗಲಿಲ್ಲ. ಕುಳಿಯ ಅಂಚಿನಲ್ಲಿ, ಗುಪ್ಪೆ ತೆಳುವಾಗಿದ್ದ ಕಡೆ, ಒಂಬತ್ತು ಗಿಡ ಸಿಕ್ಕವು. ಮುರಿದು, ಚಪ್ಪಟೆಯಾಗಿ, ಕೆಂಪಗೆ. ಒಂದರ ತೆನೆಯ ಬಟ್ಟಲನ್ನು ಅಲ್ಲೇ ಸೂಜಿಯಿಂದ ಬಿಡಿಸಿದೆ. ನಾಲ್ಕು ಕಾಯಿ ಇದ್ದವು. ಬೆಳ್ಳಗೆ, ಮೆತ್ತಗೆ. ಬಲಿಯಲು ಇನ್ನೂ ಮೂರು ವಾರವಾದರೂ ಬೇಕಿತ್ತು.

ಗುಪ್ಪೆಯ ಮೇಲೆ ಕೂತು ಗಟ್ಟಿಯಾಗಿ ಅತ್ತೆ. ಡ್ರೈವರುಗಳು ಆಚೆ ಮುಖ ಮಾಡಿ ನಿಂತರು. ಮಾಸ್ತಮ್ಮ ಒಂಬತ್ತೂ ಗಿಡವನ್ನು ಬುಡದ ಮಣ್ಣಿನ ಸಮೇತ ತನ್ನ ಸೆರಗಿಗೆ ಹಾಕಿಕೊಂಡು, "ಏಳಿ, ಇವು ಇನ್ನೂ ಸಾಯ್ಲಿಲ್ಲ" ಅಂದಳು.

ಮನೆಯಲ್ಲಿ ಅಮ್ಮ ತನ್ನ ಮೀನಿನ ಟಬ್ಬುಗಳಲ್ಲಿ ಒಂದನ್ನು ಸೋಪು ಹಾಕಿ ಮೂರು ಸಲ ತಿಕ್ಕಿ ಕೊಟ್ಟಳು. ಗುಡ್ಡದಿಂದ ತಂದ ಮಣ್ಣು, ಚಿರೆಕಲ್ಲಿನ ಚೂರು, ಬಾವಿ ನೀರು. ಒಂಬತ್ತನ್ನೂ ಊರಿದೆ. ವಾರದೊಳಗೆ ಐದು ಕೊಳೆತವು. ಮತ್ತೊಂದು ವಾರದಲ್ಲಿ ಮೂರು. ಸತ್ತದ್ದನ್ನು ತೆಗೆದು ತೊಳೆದು, ಪೇಪರಿನ ನಡುವೆ ಇಟ್ಟು, ಇಸ್ತ್ರಿ ಹಾಕುತ್ತಿದ್ದೆ. ಉಳಿದ ಒಂದನ್ನು ಅಮ್ಮ ಕಾದಳು. ಸಂತೆಗೆ ಹೋಗುವ ಮೊದಲು ಟಬ್ಬನ್ನು ಬಿಸಿಲಿಗೆ ಎಳೆಯುತ್ತಿದ್ದಳು, ಬಂದ ಮೇಲೆ ನೆರಳಿಗೆ. ಕೋಳಿ ಕೆದಕದ ಹಾಗೆ ಮೇಲೆ ಹಳೇ ಬಲೆ ಹೊದಿಸಿದ್ದಳು. ಆ ಗಿಡ ಅರ್ಧ ಮುರಿದ ಒಂದೇ ತೆನೆಯಿಂದ ನವೆಂಬರ್ ಕೊನೆಯ ತನಕ ನಿಂತಿತು. ಒಣಗಿದ ಮೇಲೆ ಬಿಳಿ ಕಾಗದದ ಮೇಲೆ ತಟ್ಟಿದೆ. ಬಲಿತ ಕಾಯಿ ಹನ್ನೊಂದು. ಕಂದು ಬಣ್ಣ, ಮೈಮೇಲೆ ಸಣ್ಣ ಸಣ್ಣ ಗುಳಿ. ಲೋಕದಲ್ಲಿ ಆ ಗಿಡದ್ದು ಉಳಿದದ್ದು, ನನಗೆ ತಿಳಿದ ಮಟ್ಟಿಗೆ, ಅಷ್ಟೇ.

ಈಗ ಇನ್ನೊಂದು ಸಂಕಟ. ಕೇರಳಕ್ಕೆ ಕಳಿಸಿದರೆ ಅಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಕೊಯ್ದು ನೋಡುತ್ತಾರೆ, ಹೆಸರು ಸಿಗುತ್ತದೆ, ಬೀಜ ಹೋಗುತ್ತದೆ. ಬಿತ್ತಿದರೆ ಗಿಡ ಬಂದರೂ ಬರಬಹುದು, ಹೆಸರು ಇರುವುದಿಲ್ಲ. ಹೆಗಡೆ ಸರ್ ಎಲ್ಲವನ್ನೂ ಕಳಿಸು ಅಂದರು.

"ಹೆಸರಿಲ್ಲದೆ ಬಿತ್ತಿದರೆ ಆ ಜಾಗಕ್ಕೂ ನಾಳೆ ಮಿಶನ್ ಬರುತ್ತದೆ. ಆಗ ಮತ್ತೆ ಅದೇ ಕಚೇರಿಗೆ ಹೋಗಿ ಎಂತ ಹೇಳುತ್ತೀ?"

"ಹೆಸರು ಇಟ್ಟುಕೊಂಡು ಎಂತ ಮಾಡುವುದು ಸರ್, ಗಿಡವೇ ಇಲ್ಲದಿದ್ದರೆ?"

ನಾನು ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. ಅವರು ಸಿಟ್ಟಾಗಲಿಲ್ಲ. "ಯಂಗೂ ಗೊತ್ತಿಲ್ಲೆ" ಅಂದರು.

ನಾಲ್ಕನ್ನು ಹತ್ತಿಯಲ್ಲಿ ಸುತ್ತಿ, ಒಣಗಿಸಿದ ಹಾಳೆಗಳ ಜೊತೆ ಕೇರಳಕ್ಕೆ ಕಳಿಸಿದೆ. ಏಳನ್ನು ಇಟ್ಟುಕೊಂಡೆ. ಮುಂದಿನ ಜೂನಿನಲ್ಲಿ ಮುರ್ಡೇಶ್ವರದ ಹಿಂದಿನ ಗುಡ್ಡದಲ್ಲಿ ಅಂಥದೇ ಒಂದು ಕುಳಿ ಹುಡುಕಿ, ಮೊದಲ ಮಳೆಯ ಮರುದಿನ, ಅಂಚಿನಲ್ಲಿ ಒಂದೊಂದಾಗಿ ಊರಿದೆ. ಪ್ರತಿ ಭಾನುವಾರ ಹೋಗಿ ನೋಡಿದೆ. ಹುಲ್ಲು ಬಂತು. ನೀಲಿ ಹೂಗಳು ಬಂದವು. ಸೆಪ್ಟೆಂಬರ್ ಕೊನೆಯ ತನಕ ಹೋದೆ. ಏಳರಲ್ಲಿ ಒಂದೂ ಮೊಳೆಯಲಿಲ್ಲ.

ಕೇರಳದ ಉತ್ತರ ಅದಕ್ಕೂ ಮೊದಲೇ, ಜನವರಿಯಲ್ಲಿ ಬಂದಿತ್ತು. ಪೊಗೊಸ್ಟೆಮಾನ್ ಎನ್ನುವುದರಲ್ಲಿ ಸಂಶಯವಿಲ್ಲ, ಆದರೆ ಈ ತನಕ ಯಾರೂ ವಿವರಿಸಿದ ಜಾತಿಯಲ್ಲ, ಹೊಸದು. ವಿವರಣೆ ನಾನು ಬರೆದಿದ್ದೇನೆ, ಜಾತಿಯ ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ, ಕಂಡವರು ನೀವು, ನೀವೇ ಆರಿಸಿ ಎಂದು ಬರೆದಿದ್ದರು. ಇಂಥ ಪತ್ರಕ್ಕಾಗಿ ನಾನು ಹದಿನೆಂಟನೇ ವಯಸ್ಸಿನಿಂದ ಆಸೆಪಟ್ಟಿದ್ದೆ. ಓದಿ ಮಡಚಿಟ್ಟೆ. ನನ್ನ ಹೆಸರಿಡುವ ಮಾತೇ ಇರಲಿಲ್ಲ. ಹೆಗಡೆ ಸರ್ ತಮ್ಮದು ಬೇಡ ಎಂದು ಕೈ ಮುಗಿದರು. ನನಗೆ ಹೊಳೆದದ್ದು ಒಂದೇ ಹೆಸರು.

ಆ ಭಾನುವಾರ ಹೆಬಳೆಗೆ ಹೋದೆ. ಗುಡ್ಡದ ಕಡೆ ನೋಡಲಿಲ್ಲ. ಮಾಸ್ತಮ್ಮ ಅಂಗಳದಲ್ಲಿ ಶೇಂಗಾ ಹರವುತ್ತಿದ್ದಳು. ಸೊಸೆ ಕೆಲಸಕ್ಕೆ ಹೋಗಿದ್ದಳು. ಕೊಟ್ಟ ಮಾತಿನಂತೆ ಅವಳಿಗೆ ಕೆಲಸ ಸಿಕ್ಕಿತ್ತು. ಅದೊಂದು ಒಳ್ಳೆಯದಾಗಿತ್ತು. ಒಂದು ಹೊಸ ಗಿಡಕ್ಕೆ ಮನುಷ್ಯರ ಹೆಸರಿಡುವ ರೂಢಿಯಿದೆ, ಲೋಕದ ಪುಸ್ತಕಗಳಲ್ಲೆಲ್ಲ ಅದೇ ಹೆಸರು ಇರುತ್ತದೆ, ನಾವು ಸತ್ತ ಮೇಲೂ ಇರುತ್ತದೆ ಎಂದೆಲ್ಲ ಅವಳಿಗೆ ವಿವರಿಸಿದೆ. ನಿಮ್ಮ ಹೆಸರಿಡುತ್ತೇನೆ ಅಂದೆ.

ಅವಳ ಕೈ ನಿಂತಿತು. ಮುಖದಲ್ಲಿ ಖುಷಿ ಬರುತ್ತದೆ ಎಂದು ನಾನು ಕಾದೆ. ಅವಳು ಹೆದರಿದ್ದಳು.

"ಬೇಡ ಅಕ್ಕೋರೆ. ಸತ್ತದ್ದಕ್ಕೆ ನನ್ ಹೆಸ್ರು ಇಡ್ಬೇಡಿ. ನಮ್ದು ಸಣ್ಣ ಮಕ್ಳ ಮನೆ."

ಅವಳು ಒಳಗೆ ಹೋಗಿ ಚಾ ತಂದಳು. ನಾನು ಕುಡಿಯುವುದನ್ನೇ ನೋಡುತ್ತಾ ಕೂತಳು.

"ಅದು ಮತ್ತೆಲ್ಲೂ ಇಲ್ವಾ?"

"ಇರಬಹುದು. ಹೊನ್ನಾವರದ ಈಚೆ, ಅಪ್ಸರಕೊಂಡದ ಮೇಲಿನ ಗುಡ್ಡದಲ್ಲಿ ಅಂಥ ಕುಳಿಗಳಿವೆ. ಕುಮಟೆ ಕಡೆಯೂ ಇವೆ. ಹುಡುಕಬೇಕು."

"ಹುಡ್ಕಿ. ಸಿಕ್ಕಿದ್ ಮೇಲೆ ಇಡಿ ನನ್ ಹೆಸ್ರು. ನಾ ಬೇಡ ಹೇಳುದಿಲ್ಲ."

ಅದಾದ ಮೇಲೆ ನಾಲ್ಕು ಮಳೆಗಾಲ ಕಳೆದಿವೆ. ಕಾಲೇಜಿನ ಕೆಲಸ ಹೋದ ಮೇಲೆ ಕುಮಟೆಯ ಈ ಶಾಲೆ ಸಿಕ್ಕಿತು. ಭಟ್ಕಳ, ಹೊನ್ನಾವರ, ಕುಮಟೆ, ಮೂರೂ ತಾಲೂಕಿನ ಬೋಳುಗುಡ್ಡಗಳನ್ನು ಒಂದೊಂದಾಗಿ ಹತ್ತಿದ್ದೇನೆ, ಗಿಡ ಸಿಕ್ಕಿಲ್ಲ. ಕೆಲವು ಕಡೆ ನನಗಿಂತ ಮೊದಲೇ ಮಿಶನ್ ಬಂದು ಹೋಗಿತ್ತು. ಪ್ರೊಫೆಸರರು ಎರಡು ಸಲ ನೆನಪಿಸಿ ಬರೆದರು. ಹೆಸರಿಲ್ಲದೆ ಅಚ್ಚಾಗುವುದಿಲ್ಲ, ಅಚ್ಚಾಗದೆ ಆ ಗಿಡ ಇತ್ತೆಂದು ಯಾರಿಗೂ ತಿಳಿಯುವುದಿಲ್ಲ ಅಂದರು. ಅವರು ಹೇಳುವುದು ಸರಿ. ಈ ಮಳೆಗಾಲ ಮುಗಿದ ಮೇಲೆ ಹೆಸರು ಬರೆದು ಕಳಿಸುತ್ತೇನೆ ಎಂದು ಹೋದ ವರ್ಷವೂ ಹೇಳಿದ್ದೆ. ಮೊನ್ನೆಯೂ ಅದನ್ನೇ ಹೇಳಿದೆ.